ಸವೆದ ಪ್ರತ್ಯಯ, ದುಡಿಯುವ ಕ್ರಿಯಾಪದಗಳು

ಕ್ಷೌರದಂಗಡಿಯಿಂದ ಬಂದವರು ‘ಕಟಿಂಗ್ ಮಾಡಿಸಿಕೊಂಡೆ’ ಎನ್ನುತ್ತಾರೆ. ಕತ್ತರಿ ಹಿಡಿದವರು ಬೇರೆಯವರು ಎಂಬುದನ್ನು ‘ಇಸು’ ಪ್ರತ್ಯಯವೇ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಐ ಹ್ಯಾಡ್ ಮೈ ಹೇರ್ ಕಟ್’ ಎಂಬ ಬಳಸುದಾರಿ. ಹಾಗಾದರೆ ಆ ಭಾಷೆಗೆ ಇಂಥ ಪ್ರತ್ಯಯ ಇರಲೇ ಇಲ್ಲವೆ? ಇತ್ತು, ಸವೆದುಹೋಯಿತು.

ಇಂಗ್ಲಿಷ್, ಜರ್ಮನ್, ಸ್ವೀಡಿಷ್‌ಗಳ ಮೂಲವಾದ ಜರ್ಮಾನಿಕ್ ನುಡಿಯಲ್ಲಿ ‘ಯನ್’ ಎಂಬ ಪ್ರೇರಣಾರ್ಥಕ ಪ್ರತ್ಯಯವಿತ್ತು. ಸಂಸ್ಕೃತದ ‘ಸಾದಯತಿ’ಯಲ್ಲಿರುವ ‘ಅಯ’ ಅದರ ದಾಯಾದಿ. ‘ಸಿಟ್’ ಎಂದರೆ ಕೂರು, ‘ಸೆಟ್’ ಎಂದರೆ ಕೂರಿಸು. ‘ಲೈ’ ಮಲಗು, ‘ಲೇ’ ಮಲಗಿಸು. ‘ಫಾಲ್’ ಬೀಳು, ‘ಫೆಲ್’ ಮರ ಕೆಡವು. ‘ಡ್ರಿಂಕ್’ನ ಜೋಡಿಯಾದ ‘ಡ್ರೆಂಚ್’ಗೆ ಮೊದಲು ಕುಡಿಸು ಎಂದೇ ಅರ್ಥ. ಈಗ ಅದು ತೋಯಿಸು ಎಂದಾಗಿದೆ. ಆದರೂ ನಮ್ಮ ರೈತರು ಗೊಟ್ಟದಲ್ಲಿ ದನಕ್ಕೆ ಔಷಧಿ ಕುಡಿಸುವಂಥ ಕೆಲಸವನ್ನು ಪಶುವೈದ್ಯರು ಇಂದಿಗೂ ಡ್ರೆಂಚಿಂಗ್ ಎನ್ನುತ್ತಾರೆ.

ಸುಮಾರು 6–7ನೇ ಶತಮಾನದ ಹೊತ್ತಿಗೆ ಪ್ರತ್ಯಯದ ಯಕಾರ ತನ್ನ ಹಿಂದಿನ ಸ್ವರವನ್ನು ಮಾರ್ಪಡಿಸಿತು. ಕ್ರಮೇಣ ತಾನೇ ಮರೆಯಾಯಿತು. ಹಳೆಯ ಜೋಡಿಗಳು ಉಳಿದವು, ಹೊಸವನ್ನು ಕಟ್ಟುವ ಶಕ್ತಿ ಉಳಿಯಲಿಲ್ಲ. ‘ಲೈ’–‘ಲೇ’ಗಳನ್ನು ಇಂಗ್ಲಿಷರೇ ಇಂದಿಗೂ ಅದಲುಬದಲು ಮಾಡುವುದಕ್ಕೆ ಕಾರಣ, ಅವುಗಳನ್ನು ಬೆಸೆದಿದ್ದ ಪ್ರತ್ಯಯ ಈಗ ಯಾರ ಕಣ್ಣಿಗೂ ಬೀಳದಿರುವುದು.

ಆ ಕೆಲಸವನ್ನು ಬೇರೆ ಕ್ರಿಯಾಪದಗಳು ವಹಿಸಿಕೊಂಡವು. ‘ಲೆಟ್’ ಹಳೆಯ ಇಂಗ್ಲಿಷಿನಿಂದಲೂ ಇತ್ತು. ಮಧ್ಯಯುಗದಲ್ಲಿ ‘ಡು’ ಕೂಡ ‘ಮಾಡಿಸು’ ಎಂಬರ್ಥದಲ್ಲಿ ಬಳಕೆಯಾಗಿ, ಬರಬರುತ್ತ ‘ಮೇಕ್’ಗೆ ಜಾಗ ಬಿಟ್ಟಿತು. ಇಂದು ಪ್ರಶ್ನೆಗಳಲ್ಲಿ ಬರುವ ‘ಡು’, ‘ಡಿಡ್’ಗಳ ಮೂಲ ಈ ಪ್ರೇರಣಾರ್ಥಕ ‘ಡು’ವೇ ಎಂದು ಸ್ವೀಡನ್ನಿನ ವಿದ್ವಾಂಸ ಆಲ್ವಾರ್ ಎಲೆಗೋರ್ಡ್ 1953ರಲ್ಲಿ ವಾದಿಸಿದರು. ಸ್ಕ್ಯಾಂಡಿನೇವಿಯಾದಿಂದ ಬಂದ ‘ಗೆಟ್’ ಕೂಡ ಮುಂದೆ ಈ ಗುಂಪಿಗೆ ಸೇರಿತು.

‘ಮೇಕ್’ ಜೊತೆ ‘ಟು’ ಸೇರಿಸಿದರೆ ಇಂದಿನ ಮೇಷ್ಟ್ರು ತಪ್ಪು ಹಾಕುತ್ತಾರೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಅದು ಸಹಜ ಪ್ರಯೋಗ. ಕರ್ಮಣಿಯಲ್ಲಿ ಆ ‘ಟು’ ಈಗಲೂ ಕಡ್ಡಾಯ.

ಪ್ರತ್ಯಯ ಹೋದದ್ದರಿಂದ ಇಂಗ್ಲಿಷಿಗೆ ನಷ್ಟವೇನೂ ಆಗಲಿಲ್ಲ. ನಮ್ಮ ‘ಇಸು’ ಒಂದರಲ್ಲೇ ಅಡಗುವ ಛಾಯೆಗಳು ಅಲ್ಲಿ ಬೇರೆಬೇರೆಯಾದವು: ಒತ್ತಾಯಕ್ಕೆ ‘ಮೇಕ್’, ಕೆಲಸ ಒಪ್ಪಿಸುವುದಕ್ಕೆ ‘ಹ್ಯಾವ್’, ಮನವೊಲಿಕೆಗೆ ‘ಗೆಟ್’, ಅನುಮತಿಗೆ ‘ಲೆಟ್’. ಸೂತ್ರ ಬಾಯಿಪಾಠ ಮಾಡಿಸುವ ಮುನ್ನ ಮಕ್ಕಳಿಗೆ ಈ ನಾಲ್ಕರ ವ್ಯತ್ಯಾಸ ತಿಳಿಸಿ. ಅರ್ಧ ವ್ಯಾಕರಣ ಅಲ್ಲೇ ಮುಗಿಯುತ್ತದೆ.