ಮನೆಯ ದೀಪ, ಹೊಲದ ಪಂಪು: ಸಿಂಗಲ್ ಫೇಸ್ ಮತ್ತು ತ್ರೀ ಫೇಸ್ ವಿದ್ಯುತ್ತಿನ ಪರಿಚಯ

ಹಳ್ಳಿಗಾಡಿನಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ದೃಶ್ಯವೊಂದುಂಟು. ಮನೆಯಲ್ಲಿ ದೀಪ ಉರಿಯುತ್ತಿರುತ್ತದೆ, ಫ್ಯಾನು ತಿರುಗುತ್ತಿರುತ್ತದೆ. ಆದರೆ ಹೊಲದ ಕೊಳವೆ ಬಾವಿಯ ಪಂಪು ಮಾತ್ರ ಓಡದು. ‘ಇನ್ನೂ ತ್ರೀ ಫೇಸ್ ಬಂದಿಲ್ಲ’ ಎಂದು ರೈತನು ಕಾಯುತ್ತಾನೆ. ಅದು ನಡುರಾತ್ರಿ ಬಂದರೆ ಟಾರ್ಚು ಹಿಡಿದು ಹೊಲದತ್ತ ನಡೆಯುತ್ತಾನೆ. ಒಂದೇ ಕಂಬದ ಮೇಲೆ ಹಾದುಬರುವ ವಿದ್ಯುತ್ತು ದೀಪಕ್ಕೆ ಸಾಕಾಗಿ, ಪಂಪಿಗೆ ಸಾಲದೆ ಹೋಗುವುದೇಕೆ?

ನಮ್ಮ ಮನೆಗಳಿಗೆ ಬರುವುದು ಪರ್ಯಾಯ ವಿದ್ಯುತ್ತು. ಅದು ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ; ಅಲೆಯಂತೆ ಏರಿ, ಇಳಿದು, ದಿಕ್ಕು ಬದಲಿಸಿ ಮತ್ತೆ ಏರುತ್ತದೆ. ಭಾರತದಲ್ಲಿ ಈ ಆವರ್ತನೆಯು ಸೆಕೆಂಡಿಗೆ 50 ಬಾರಿ ನಡೆಯುತ್ತದೆ. ಪ್ರತಿ ಆವರ್ತನೆಯಲ್ಲಿ ಎರಡು ಸಲ, ಅಂದರೆ ಸೆಕೆಂಡಿಗೆ 100 ಸಲ, ಅಲೆಯು ಶೂನ್ಯವನ್ನು ಮುಟ್ಟುತ್ತದೆ. ಒಂದು ಫೇಸ್ ತಂತಿ ಹಾಗೂ ಒಂದು ನ್ಯೂಟ್ರಲ್ ತಂತಿಯ ಮೂಲಕ ಇಂತಹ ಒಂದೇ ಅಲೆಯನ್ನು ಒದಗಿಸುವುದು ಸಿಂಗಲ್ ಫೇಸ್ ವ್ಯವಸ್ಥೆ. ಬಲ್ಬಿನ ಕಾದ ತಂತುವು ಅಷ್ಟು ಅಲ್ಪಕಾಲದಲ್ಲಿ ಆರಿಹೋಗದಾದುದರಿಂದ ಬೆಳಕಿಗೆ ಕುಂದಿಲ್ಲ.

ತ್ರೀ ಫೇಸ್ ವ್ಯವಸ್ಥೆಯಲ್ಲಿ ಇಂತಹ ಅಲೆಗಳು ಮೂರು. ವಿದ್ಯುಜ್ಜನಕ ಯಂತ್ರದಲ್ಲಿ ಮೂರು ಸುರುಳಿಗಳನ್ನು ಪರಸ್ಪರ 120 ಡಿಗ್ರಿ ಅಂತರದಲ್ಲಿ ಇರಿಸಿರುತ್ತಾರೆ. ಆದ್ದರಿಂದ ಮೊದಲನೆಯ ಅಲೆ ತುದಿ ಮುಟ್ಟಿದ ಬಳಿಕ, ಸೆಕೆಂಡಿನ 150ನೆಯ ಒಂದು ಭಾಗದಷ್ಟು ಕಾಲ ಕಳೆದು ಎರಡನೆಯದು, ಮತ್ತೆ ಅಷ್ಟೇ ಕಾಲ ಕಳೆದು ಮೂರನೆಯದು ತುದಿ ಮುಟ್ಟುತ್ತದೆ. ಒಂದೇ ಒರಳಿನಲ್ಲಿ ಮೂವರು ಹೆಂಗಸರು ಸರದಿ ತಪ್ಪದೆ ಒನಕೆ ಹಾಕುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಒಬ್ಬಳ ಒನಕೆ ಮೇಲೇಳುವಾಗ ಇನ್ನೊಬ್ಬಳದು ಇಳಿಯುತ್ತದೆ, ಕೆಲಸಕ್ಕೆ ಬಿಡುವಿಲ್ಲ. ಮೂರೂ ಫೇಸುಗಳ ಮೇಲೆ ಹೊರೆ ಸಮನಾಗಿದ್ದರೆ ಒಟ್ಟು ಶಕ್ತಿಯು ಯಾವ ಕ್ಷಣದಲ್ಲಿಯೂ ಏರಿಳಿಯದೆ ಒಂದೇ ಸಮನಾಗಿರುತ್ತದೆ.

ಇದರಲ್ಲಿ ಮತ್ತೊಂದು ಲಾಭವಿದೆ. ಮೂರು ಪ್ರತ್ಯೇಕ ಸಿಂಗಲ್ ಫೇಸ್ ಮಾರ್ಗಗಳಿಗೆ ಆರು ತಂತಿಗಳು ಬೇಕು. ಆದರೆ ಸಮತೋಲದಲ್ಲಿರುವ ಮೂರು ಅಲೆಗಳ ಮೊತ್ತ ಸದಾ ಶೂನ್ಯ. ಮರಳಿ ಹೋಗುವ ಪ್ರವಾಹಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಹೀಗಾಗಿ ದೂರದ ಸಾಗಣೆಗೆ ಮೂರೇ ತಂತಿಗಳು ಸಾಕು. 1891ರಲ್ಲಿ ಜರ್ಮನಿಯ ಲಾಫೆನ್‌ನಿಂದ ಫ್ರಾಂಕ್‌ಫರ್ಟ್ ನಗರಕ್ಕೆ ಸುಮಾರು 175 ಕಿಲೋಮೀಟರು ದೂರ ತ್ರೀ ಫೇಸ್ ವಿದ್ಯುತ್ತನ್ನು ಸಾಗಿಸಿ ಈ ಕ್ರಮದ ಹಿರಿಮೆಯನ್ನು ಲೋಕಕ್ಕೆ ತೋರಿಸಲಾಯಿತು. ಅದಾದ ಹನ್ನೊಂದು ವರ್ಷಗಳಿಗೆ, 1902ರಲ್ಲಿ, ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು.

ಊರಿನ ಟ್ರಾನ್ಸ್‌ಫಾರ್ಮರಿನಿಂದ ಮೂರು ಫೇಸ್ ತಂತಿಗಳೂ ಒಂದು ನ್ಯೂಟ್ರಲ್ ತಂತಿಯೂ ಹೊರಡುತ್ತವೆ. ಒಂದು ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟು. ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟು. ಮೂರು ಅಲೆಗಳು ಏಕಕಾಲದಲ್ಲಿ ತುದಿ ಮುಟ್ಟುವುದಿಲ್ಲವಾದ್ದರಿಂದ ಇದು 460 ಆಗದೆ, 230ರ 1.732 ಪಟ್ಟು ಮಾತ್ರ ಆಗುತ್ತದೆ.

ಈಗ ಪಂಪಿನ ವಿಚಾರ. ಮೋಟಾರಿನ ಮೂರು ಸುರುಳಿಗಳಿಗೆ ಸರದಿಯಂತೆ ಮೂರು ಅಲೆಗಳು ಬಂದಾಗ ಅದರೊಳಗೆ ತಿರುಗುವ ಕಾಂತಕ್ಷೇತ್ರ ಹುಟ್ಟುತ್ತದೆ. ನಡುವಿನ ಉರುಳೆ ಅದನ್ನು ಹಿಂಬಾಲಿಸಿ ತಾನಾಗಿಯೇ ತಿರುಗತೊಡಗುತ್ತದೆ. ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ತಿರುಗುವ ದಿಕ್ಕೂ ಬದಲಾಗುತ್ತದೆ. ಒಂದೇ ಅಲೆಯಿಂದ ಹುಟ್ಟುವ ಕಾಂತಕ್ಷೇತ್ರವಾದರೋ ಹಿಂದುಮುಂದಾಗಿ ಮಿಡಿಯುತ್ತದೆಯೇ ಹೊರತು ತಿರುಗುವುದಿಲ್ಲ. ಆದುದರಿಂದಲೇ ಮನೆಯ ಸಣ್ಣ ಪಂಪಿಗೆ ಕೆಪಾಸಿಟರಿನ ನೆರವು ಬೇಕು. ಇದಲ್ಲದೆ, 5 ಅಶ್ವಶಕ್ತಿಯ ಮೋಟಾರು ತ್ರೀ ಫೇಸಿನಲ್ಲಿ ಪ್ರತಿ ತಂತಿಯಿಂದ ಸುಮಾರು 7.5 ಆಂಪಿಯರ್ ಪ್ರವಾಹವನ್ನು ಎಳೆದರೆ, ಅಷ್ಟೇ ಕೆಲಸವನ್ನು 230 ವೋಲ್ಟಿನ ಸಿಂಗಲ್ ಫೇಸಿನಲ್ಲಿ ಮಾಡಲು ಒಂದೇ ತಂತಿಯಲ್ಲಿ 22 ಆಂಪಿಯರಿಗೂ ಮಿಕ್ಕಿ ಹರಿಯಬೇಕಾಗುತ್ತದೆ.

ಬೆಳೆ ಒಣಗುವ ಸಂಕಟದಲ್ಲಿ ಕೆಲವರು ಕೆಪಾಸಿಟರ್ ಜೋಡಿಸಿ, ಇಲ್ಲದ ಫೇಸನ್ನು ಹುಟ್ಟಿಸಿ, ತ್ರೀ ಫೇಸ್ ಮೋಟಾರನ್ನು ಓಡಿಸುವುದುಂಟು. ಅವರ ಸಂಕಟವು ಸುಳ್ಳಲ್ಲ. ಆದರೆ ಉಪಾಯವು ದುಬಾರಿ. ಮೂರು ತಂತಿಗಳು ಹೊರಬೇಕಾದ ಹೊರೆ ಒಂದೆರಡರ ಮೇಲೆಯೇ ಬಿದ್ದು ಮೋಟಾರು ಕಾಯುತ್ತದೆ, ಊರಿನ ವೋಲ್ಟೇಜು ಕುಸಿಯುತ್ತದೆ, ಟ್ರಾನ್ಸ್‌ಫಾರ್ಮರೇ ಸುಟ್ಟರೆ ಒಬ್ಬನ ಹೊಲಕ್ಕಾಗಿ ಊರೆಲ್ಲ ಕತ್ತಲಾಗುತ್ತದೆ. ಓಡುತ್ತಿರುವಾಗಲೇ ಒಂದು ಫೇಸಿನ ಫ್ಯೂಸು ಹೋದರೂ ಮೋಟಾರಿಗೆ ಇದೇ ಗತಿ. ಅಂತಹ ಸಮಯದಲ್ಲಿ ಅದನ್ನು ತಾನಾಗಿ ನಿಲ್ಲಿಸುವ ‘ಸಿಂಗಲ್ ಫೇಸ್ ಪ್ರಿವೆಂಟರ್’ ಎಂಬ ಸಾಧನವನ್ನು ಸ್ಟಾರ್ಟರಿನೊಡನೆ ಅಳವಡಿಸುವುದು ವಿವೇಕ.

ಊರಿನ ಮನೆಗಳನ್ನು ಮೂರು ಫೇಸುಗಳಿಗೆ ಸಮನಾಗಿ ಹಂಚುವುದೂ ಈ ಕಾರಣಕ್ಕಾಗಿಯೇ. ಹಂಚಿಕೆ ತಪ್ಪಿದಾಗ ಉಳಿದ ಪ್ರವಾಹವನ್ನು ಹೊರುವುದು ನ್ಯೂಟ್ರಲ್. ಅದೊಂದು ತುಂಡಾದರೆ, ಹೊರೆ ಕಡಿಮೆಯಿರುವ ಫೇಸಿನ ಮನೆಗಳಲ್ಲಿ ವೋಲ್ಟೇಜು 230ನ್ನು ಮೀರಿ 400ರತ್ತ ಏರಿ ಬಲ್ಬು, ಟೆಲಿವಿಷನ್‌ಗಳು ಸುಟ್ಟುಹೋಗುತ್ತವೆ. ದೀಪಗಳು ಒಂದು ಕಡೆ ಅತಿಯಾಗಿ ಬೆಳಗಿ ಮತ್ತೊಂದು ಕಡೆ ಮಂಕಾದರೆ, ಕೂಡಲೇ ಮೇನ್ ಸ್ವಿಚ್ಚನ್ನು ಆರಿಸಿ ವಿದ್ಯುತ್ ಕಚೇರಿಗೆ ತಿಳಿಸಬೇಕು. ಕಂಬವನ್ನು ತಾವೇ ಹತ್ತಬಾರದು.

ತ್ರೀ ಫೇಸ್ ಎಂದರೆ ಕೇವಲ ಹೆಚ್ಚು ವಿದ್ಯುತ್ತಲ್ಲ, ಸರದಿಯರಿತು ಬರುವ ವಿದ್ಯುತ್ತು. ಮೂರು ತಂತಿಗಳು ಹೊರೆಯನ್ನು ಸಮನಾಗಿ ಹಂಚಿಕೊಂಡಾಗ ಅದರ ಬಲ. ಒಂದರ ಮೇಲೆಯೇ ಹೇರಿದಾಗ ಅದರ ಕೇಡು. ಈ ತತ್ತ್ವವನ್ನು ಶಾಲೆಯಲ್ಲಿ ಕಲಿತ ವಿದ್ಯಾರ್ಥಿಯು ಮನೆಗೆ ಹೋಗಿ ಹಿರಿಯರಿಗೆ ತಿಳಿಹೇಳಿದರೆ ಒಂದು ಮೋಟಾರಾದರೂ, ಒಂದು ಜೀವವಾದರೂ ಉಳಿದೀತು. ವಿದ್ಯೆಯ ಸಾರ್ಥಕತೆ ಅದರಲ್ಲಿದೆ.