ಆರು ಪ್ರಶ್ನೆಗಳಾಚೆ ಇರುವ ವೈದ್ಯರು

'ಪುಷ್ಪ' ಚಿತ್ರದ ಪೊಲೀಸ್ ಅಧಿಕಾರಿಯಾಗಿ ಆಂಧ್ರದ ಆದೋನಿ, ನಂದವರಂ ಕಡೆಯವರಿಗೂ ಪರಿಚಿತರಾದ ಮಲಯಾಳಂ ನಟ ಫಹಾದ್ ಫಾಸಿಲ್, 2024ರ ಮೇ ತಿಂಗಳಲ್ಲಿ ಕೇರಳದ ಕೋತಮಂಗಲಂನ ವೇದಿಕೆಯೊಂದರಲ್ಲಿ ತಮಗೆ ಎಡಿಎಚ್‌ಡಿ (ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇದೆ ಎಂದು ಹೇಳಿಕೊಂಡರು. ಅದು ಗೊತ್ತಾಗಿದ್ದು 41ನೇ ವಯಸ್ಸಿನಲ್ಲಿ.

ಗಮನ ನಿಲ್ಲದಿರುವುದು, ಚಡಪಡಿಕೆ, ಹಿಂದುಮುಂದು ನೋಡದೆ ನುಗ್ಗುವುದು ಇದರ ಲಕ್ಷಣಗಳು. ಶುರುವಾಗುವುದು ಬಾಲ್ಯದಲ್ಲೇ. ದೊಡ್ಡವರಾದಂತೆ ಓಡಾಟ, ಗಲಾಟೆ ತಗ್ಗಬಹುದು. ಮರೆವು, ಅರ್ಧಕ್ಕೆ ನಿಂತ ಕೆಲಸ, ಕಟ್ಟದ ಕರೆಂಟ್ ಬಿಲ್ಲು ಮಾತ್ರ ಹಾಗೇ ಉಳಿಯುತ್ತವೆ. ಆಗ ಮನೆಯವರ ಬಾಯಲ್ಲಿ ಬರುವುದು 'ಸೋಮಾರಿ', 'ಬೇಜವಾಬ್ದಾರಿ' ಎಂಬ ಮಾತು. ಇಷ್ಟು ಅನ್ಯಾಯದ ಬೈಗುಳ ಬೇರೊಂದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ತಯಾರಾಗಿ 2005ರಲ್ಲಿ ಪ್ರಕಟವಾದ, ದೊಡ್ಡವರಲ್ಲಿ ಎಡಿಎಚ್‌ಡಿ ಲಕ್ಷಣ ಗುರುತಿಸುವ ಎಎಸ್‌ಆರ್‌ಎಸ್ ಪ್ರಶ್ನಾವಳಿಯಲ್ಲಿ 18 ಪ್ರಶ್ನೆಗಳಿವೆ. ಮೊದಲ ಆರೇ ಪ್ರಾಥಮಿಕ ತಪಾಸಣೆಗೆ ಸಾಕು. ಕೆಲಸದ ಮುಖ್ಯ ಭಾಗ ಮುಗಿದ ಮೇಲೆ ಕೊನೆಯ ಚೂರುಪಾರು ಮುಗಿಸಲು ತೊಡಕಾಗುತ್ತದೆಯೇ? ಹೋಗಬೇಕಾದ ಭೇಟಿ, ಮಾಡಬೇಕಾದ ಕೆಲಸ ನೆನಪಿಗೆ ಬರುವುದಿಲ್ಲವೇ? ಬಹಳ ಹೊತ್ತು ಕೂರಬೇಕಾದಾಗ ಕೈಕಾಲು ಸುಮ್ಮನಿರುವುದಿಲ್ಲವೇ? ಹೀಗೆ ಕಳೆದ ಆರು ತಿಂಗಳನ್ನು ನೆನೆದು 'ಎಂದೂ ಇಲ್ಲ'ದಿಂದ 'ತುಂಬಾ ಸಲ'ದವರೆಗೆ ಗುರುತು ಹಾಕಬೇಕು. ಮೊದಲ ಮೂರಕ್ಕೆ 'ಕೆಲವೊಮ್ಮೆ' ಎಂದರೂ ಲೆಕ್ಕಕ್ಕೆ ಬರುತ್ತದೆ. ಉಳಿದ ಮೂರಕ್ಕೆ 'ಆಗಾಗ' ಎನ್ನಬೇಕು. ನಾಲ್ಕು ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು ಎಂದಷ್ಟೇ ಅರ್ಥ, ಕಾಯಿಲೆ ಖಚಿತವಾಯಿತು ಎಂದಲ್ಲ.

ಏಕೆಂದರೆ ನಿದ್ದೆಗೇಡು, ಥೈರಾಯ್ಡ್ ತೊಂದರೆ, ಖಿನ್ನತೆ, ಆತಂಕ, ಕುಡಿತ ಇವೆಲ್ಲವೂ ಗಮನ ಕೆಡಿಸುತ್ತವೆ. ಎಡಿಎಚ್‌ಡಿಯನ್ನು ಖಚಿತಪಡಿಸುವ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನಿಂಗೂ ಇಲ್ಲ. ಮನೋವೈದ್ಯರು ಕೂತು ಕೇಳುತ್ತಾರೆ. 12 ವರ್ಷಕ್ಕೆ ಮುಂಚೆಯೇ ಲಕ್ಷಣಗಳಿದ್ದವೇ, ಮನೆಯಲ್ಲೂ ಕೆಲಸದಲ್ಲೂ ತೊಂದರೆ ಇದೆಯೇ ಎಂಬುದು ಮುಖ್ಯ. ಹಾಗಾಗಿ ತಾಯಿಯನ್ನೋ ಅಣ್ಣನನ್ನೋ ಕರೆದೊಯ್ಯುವುದು, ಹಳೆಯ ಮಾರ್ಕ್ಸ್ ಕಾರ್ಡ್ ಹುಡುಕಿಟ್ಟುಕೊಳ್ಳುವುದು ಒಳ್ಳೆಯದು. ಔಷಧಿಯ ವಿಷಯದಲ್ಲಿ ಅವಸರ ಬೇಡ: ಸಾಮಾನ್ಯವಾಗಿ ಬಳಸುವ ಮೀಥೈಲ್‌ಫೆನಿಡೇಟ್ ನಮ್ಮ ಕಾನೂನಿನಲ್ಲಿ ಶೆಡ್ಯೂಲ್ ಎಕ್ಸ್‌ಗೆ ಸೇರಿದ್ದು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ.

ಆದೋನಿ ಸೀಮೆಗೆ ಮಾನಸಿಕ ಆರೋಗ್ಯದ ವಿಷಯ ಹೊಸದೇನಲ್ಲ. 1953ರವರೆಗೆ ಆದೋನಿ ಸೇರಿದ್ದು ಬಳ್ಳಾರಿ ಜಿಲ್ಲೆಗೆ. ಅದೇ ಬಳ್ಳಾರಿಯಲ್ಲಿ 1985ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸುವ ಪ್ರಯೋಗ ನಡೆಸಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಈಗ ಕರ್ನೂಲು, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದವರು ಮೊದಲು 14416ಕ್ಕೆ ಫೋನ್ ಮಾಡಲಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಈ ಟೆಲಿ ಮಾನಸ್ ಸಹಾಯವಾಣಿ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.