ಅಳಿಸಿದರೂ ಅಳಿಯದ ಹಾಡು

ಕೆನಡಾದ ಲೇಖಕಿ ಮಾರ್ಗರೆಟ್ ಅಟ್‌ವುಡ್ ಅವರ ‘ಓರಿಕ್ಸ್ ಅಂಡ್ ಕ್ರೇಕ್’ ಎಂಬ ಕಾದಂಬರಿ 2003ರಲ್ಲಿ ಪ್ರಕಟವಾಯಿತು. ಓದಿ ಮುಗಿಸಿದವರನ್ನು ಅದರ ಮುಕ್ತಾಯ ಬಹುಕಾಲ ಕಾಡುತ್ತದೆ. ಅದರ ಅರ್ಥವೇನೆಂಬುದನ್ನು ವಿಜ್ಞಾನದ ದೃಷ್ಟಿಯಿಂದ ನಾವಿಲ್ಲಿ ವಿಚಾರಿಸೋಣ.

ಕಥೆ ಇಷ್ಟು: ಕ್ರೇಕ್ ಎಂಬ ವಿಜ್ಞಾನಿ ಮನುಷ್ಯನ ವಂಶವಾಹಿಗಳನ್ನು ತಿದ್ದಿ ಹೊಸ ಜನಾಂಗವೊಂದನ್ನು ನಿರ್ಮಿಸುತ್ತಾನೆ. ಇವರು ಸೊಪ್ಪು ತಿಂದು ಬದುಕಬಲ್ಲರು. ಇವರಲ್ಲಿ ಅಸೂಯೆಯಿಲ್ಲ, ಮೇಲುಕೀಳಿಲ್ಲ. ಬಳಿಕ ಅವನು ಮಹಾಮಾರಿಯೊಂದನ್ನು ಹರಡಿ ಹಳೆಯ ಮಾನವಕುಲವನ್ನು ನಾಶಮಾಡುತ್ತಾನೆ. ಅವನ ಗೆಳೆಯ ಜಿಮ್ಮಿ ತಾನೊಬ್ಬನೇ ಉಳಿದೆನೆಂದು ಭಾವಿಸಿ ಹೊಸಬರನ್ನು ಕಾಯುತ್ತಿರುತ್ತಾನೆ. ಒಮ್ಮೆ ಆಹಾರ ಅರಸಿ ಹೋಗಿ ಹಿಂದಿರುಗಿದಾಗ, ಅವರು ಅವನದೇ ಬೊಂಬೆಯೊಂದನ್ನು ಮಾಡಿ ಸುತ್ತ ಕುಳಿತು ರಾಗವಾಗಿ ಕೂಗುತ್ತಿರುವುದನ್ನು ಕಾಣುತ್ತಾನೆ. ಹಳೆಯ ಮನುಷ್ಯರು ಮೂವರು ಬದುಕಿರುವರೆಂದೂ ತಿಳಿಯುತ್ತದೆ. ಬಂದೂಕು ಹಿಡಿದು ಅವರನ್ನು ಸಮೀಪಿಸುತ್ತಾನೆ. ಕೊಲ್ಲುವನೋ, ಕೈಚಾಚುವನೋ? ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಓದುಗರ ಕಣ್ಣು ಬಂದೂಕಿನ ಮೇಲೆ. ನಮಗಾದರೋ ಬೊಂಬೆಯೇ ಮುಖ್ಯವೆಂದು ತೋರುತ್ತದೆ. ಪೂಜೆ, ಪ್ರತಿಮೆಗಳ ಬೇರನ್ನೇ ಮಿದುಳಿನಿಂದ ಕಿತ್ತೆನೆಂದು ಕ್ರೇಕ್ ನಂಬಿದ್ದ. ಕನಸನ್ನೂ ಹಾಡನ್ನೂ ಮಾತ್ರ ಕೀಳಲು ಅವನಿಂದಾಗಿರಲಿಲ್ಲ.

ಏಕೆಂಬುದಕ್ಕೆ ನಮ್ಮ ಸೀಮೆಯದೇ ಒಂದು ಉಪಮಾನವುಂಟು. ಶಿವಮೊಗ್ಗದ ನೆರೆಯ ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಮಲೆನಾಡಿನ ಮರದ ಇದ್ದಿಲಿನಿಂದ ಬೀಡುಕಬ್ಬಿಣದ ತಯಾರಿಕೆ ಮೊದಲಾಯಿತು. ಬೀಡಿನಲ್ಲಿ ಇಂಗಾಲ ಶೇಕಡಾ 4ರಷ್ಟಿರುತ್ತದೆ. ಅದನ್ನು ತಗ್ಗಿಸಿದರೆ ಉಕ್ಕು. ಉಕ್ಕಿನಲ್ಲಿ ಇಂಗಾಲ ಹೆಚ್ಚಿದಂತೆ ಗಡಸುತನ ಹೆಚ್ಚುತ್ತದೆ, ಜೊತೆಗೆ ಏಟಿಗೆ ಒಡೆಯುವ ಗುಣವೂ ಹೆಚ್ಚುತ್ತದೆ. ಗಡಸುತನಕ್ಕೊಂದು ಇಂಗಾಲ, ಒಡೆಯುವುದಕ್ಕೊಂದು ಇಂಗಾಲ ಎಂದು ಬೇರೆ ಬೇರೆ ಇಲ್ಲ.

ವಂಶವಾಹಿಗಳ ರೀತಿಯೂ ಬಹುಮಟ್ಟಿಗೆ ಹೀಗೆಯೇ. ಒಂದು ವಂಶವಾಹಿಗೆ ಹಲವು ಕೆಲಸಗಳಿರಬಹುದು; ಒಂದು ಗುಣದ ಹಿಂದೆ ನೂರಾರು ವಂಶವಾಹಿಗಳಿರಬಹುದು. ಎಚ್‌ಐವಿ ತಗಲದಿರಲೆಂದು ಭ್ರೂಣದಲ್ಲಿಯೇ ಸಿಸಿಆರ್5 ಎಂಬ ವಂಶವಾಹಿಯನ್ನು ತಿದ್ದಿದ ಅವಳಿ ಹೆಣ್ಣುಮಕ್ಕಳು ಜನಿಸಿದರೆಂದು 2018ರಲ್ಲಿ ಚೀನದ ವಿಜ್ಞಾನಿಯೊಬ್ಬ ಸಾರಿದನು. ಆದರೆ ವೆಸ್ಟ್ ನೈಲ್ ವೈರಸ್ಸನ್ನು ಎದುರಿಸಲು ದೇಹಕ್ಕೆ ನೆರವಾಗುವುದೂ ಅದೇ ವಂಶವಾಹಿ! 2019ರಲ್ಲಿ ಅವನಿಗೆ 3 ವರ್ಷಗಳ ಸೆರೆವಾಸ ವಿಧಿಸಲಾಯಿತು. ಹದ ತಪ್ಪಿದ ಉಕ್ಕನ್ನು ಮತ್ತೆ ಕುಲುಮೆಗೆ ಹಾಕಬಹುದು. ಹುಟ್ಟಿದ ಮಗುವನ್ನು ಹಾಕಲಾಗದು. ಭ್ರೂಣದಲ್ಲಿ ಮಾಡಿದ ತಿದ್ದುಪಡಿ ಮಕ್ಕಳು ಮೊಮ್ಮಕ್ಕಳಿಗೂ ಇಳಿಯಬಲ್ಲುದು.

ಇನ್ನು ಮುಕ್ತಾಯಕ್ಕೆ ಬರೋಣ. ಹೊಸಬರಿಗೂ ಹಳಬರಿಗೂ ನಡುವೆ ಕ್ರೇಕ್ ಎಳೆದಿದ್ದ ಗೆರೆಯನ್ನು ಆ ಬೊಂಬೆ ಅಳಿಸಿಬಿಟ್ಟಿದೆ. ಬೊಂಬೆ ಮಾಡಿ ಹಾಡುವವರು ಮನುಷ್ಯರ ದಾಯಾದಿಗಳೇ ಸರಿ. ಹಾಗಾದರೆ ಒಬ್ಬರನ್ನು ಉಳಿಸಲು ಇನ್ನೊಬ್ಬರನ್ನು ಕೊಲ್ಲಲು ಜಿಮ್ಮಿಗೆ ಉಳಿದಿರುವ ಕಾರಣವೇನು? ಮುಂದಿನ ಕಥೆಯನ್ನು ಲೇಖಕಿ 2009 ಮತ್ತು 2013ರಲ್ಲಿ ಬಂದ ಕಾದಂಬರಿಗಳಲ್ಲಿ ಹೇಳಿದ್ದಾರೆ. ಅವನ್ನು ತೆರೆಯುವ ಮುನ್ನ ವಿದ್ಯಾರ್ಥಿಗಳು ಈ ಪ್ರಶ್ನೆಗೆ ತಾವೇ ಉತ್ತರ ಬರೆದಿಟ್ಟುಕೊಳ್ಳಲಿ.